ತಳದಲ್ಲಿ ಶಿವರಾಮು ಇದ್ದಾನೆ

"ಬೀಗ ತೆಗಿಯೋ, ಬೋಳಿಮಗನೆ!"

ಹಯವದನ ನನ್ನ ಕಾಲರ್ ಹಿಡಿದು ಕಂಬಿಗೆ ಗುದ್ದಿದ. ಬಾಯಿ ತುಂಬ ರಕ್ತ.

"ತೆಗಿಯಲ್ಲ ಸಾರ್. ಶಿವರಾಮು ಕೆಳಗವ್ನೆ. ಕಾಲ್ ಮೇಲೆ ಕಾಂಕ್ರೀಟ್ ಬಿದ್ದೈತೆ. ನನ್ನೊಬ್ನಿಂದ ಎತ್ತಕ್ಕಾಗ್ಲಿಲ್ಲ."

"ಕೆಳಗೆ ಯಾರೂ ಇಲ್ಲ. ರಿಜಿಸ್ಟರಲ್ಲಿ ಅವನ ಹೆಸರೇ ಇಲ್ಲ."

ಇರುವುದಾದರೂ ಹೇಗೆ? 2009ರಲ್ಲಿ ಲೈಲ್ ಊರಿನ ಸಾಫ್ಟ್‌ವೇರ್ ಆಫೀಸುಗಳು ನಮ್ಮನ್ನು ಕೆಲಸದಿಂದ ಹೊರಗೆ ದಬ್ಬಿದಾಗ, ವೀಸಾ ಉಳಿಸಿಕೊಡುತ್ತೇನೆಂದು ಪಾಸ್‌ಪೋರ್ಟ್ ಇಸಿದುಕೊಂಡವನು ಇದೇ ಹಯವದನ. ಕಾಗದದಲ್ಲಿ ಕಂಪ್ಯೂಟರ್ ಕೆಲಸ, ಕೈಗೆ ಸಲಿಕೆ. ನೀರು ತುಂಬಿಸಿ, ಖಾಲಿ ಮಾಡಿ ಹಡಗುಗಳನ್ನು ಏರಿಸಿ ಇಳಿಸಲೆಂದು ನಮ್ಮ ಅಜ್ಜಂದಿರ ಕಾಲದಲ್ಲಿ ಅಣೆಕಟ್ಟಿನ ಪಕ್ಕ ಕಟ್ಟಿದ ಗೇಟುಗಳ ಆಳದ ಗುಂಡಿ, ಲಾಕ್ ಇದು. ನೀರು ಖಾಲಿ ಮಾಡಿಸಿ, ಮೂರು ವಾರ ಅದರ ತಳದ ಕೆಸರು ಬಾಚಿಸಿದ್ದ.

ಕೆಳಗಿಳಿಯುವ ಪ್ರತಿಯೊಬ್ಬನೂ ನೀರು ಬಿಡುವ ಕವಾಟದ ಪೆಟ್ಟಿಗೆಗೆ ತನ್ನದೊಂದು ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಳ್ಳಬೇಕು. ಎಲ್ಲ ಬೀಗ ಬಿಚ್ಚುವ ತನಕ ನೀರು ಬಿಡಲಾಗದು. ವೀಸಾ ಮುಗಿದದ್ದರಿಂದ ರಿಜಿಸ್ಟರಿಗೆ ಸೇರಿಸದೆ ಕದ್ದು ದುಡಿಸುತ್ತಿದ್ದ ಶಿವರಾಮುವಿಗೆ ಬೀಗವನ್ನೇ ಕೊಟ್ಟಿರಲಿಲ್ಲ. ಮಿಕ್ಕವರು ಬೀಗ ಬಿಚ್ಚಿ, ವ್ಯಾನು ಹತ್ತಿ ನಾವು ವಾಸವಿದ್ದ ಗ್ಲೆಂಡೇಲ್ ಹೈಟ್ಸ್‌ಗೆ ಹೋಗಿಯಾಗಿತ್ತು. ಉಳಿದದ್ದು ನನ್ನದೊಂದೇ.

ತುರ್ತು ನಂಬರ್ 911 ಒತ್ತಿದೆ. ಹಯವದನ ಫೋನು ಕಿತ್ತು ನದಿಗೆ ಎಸೆದ.

"ಫೈರ್ ಎಂಜಿನ್ ಬಂದ್ರೆ ನೀನೂ ಡಿಪೋರ್ಟೇ ಕಣೋ. ಇವತ್ತು ಸರಕಿನ ಬಾರ್ಜ್ ಒಳಗೆ ಬಿಡ್ಲೇಬೇಕು. ತೆಗಿ, ನಿನ್ ಗ್ರೀನ್ ಕಾರ್ಡ್ ನಾನೇ ಫೈಲ್ ಮಾಡ್ತೀನಿ."

ಸುಳ್ಳು ಯಾಕೆ ಹೇಳಲಿ, ಹಾಳು ಮನಸ್ಸು ಒಂದು ಗಳಿಗೆ ಆಸೆಪಟ್ಟಿತು. ಅಷ್ಟರಲ್ಲಿ ತಳದಿಂದ ಕೂಗು: "ಅಣ್ಣೋ, ಜನ ಸಿಕ್ಕುದ್ರಾ?"

ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಕೀಲಿಯನ್ನೂ ನದಿಗೆ ಬಿಸಾಕಿದೆ.

"ಎಷ್ಟು ಓದಿದ್ರೂ ನಿಮ್ಮ ಕೇರಿ ಬುದ್ಧಿ ಹೋಗಲ್ಲ, ಥೂ!"

ಮುಖಕ್ಕೆ ಉಗಿದು, ಟ್ರಕ್ಕಿನಿಂದ ಉದ್ದ ಹಿಡಿಯ ಕಟರ್ ತಂದ. ಅಡ್ಡ ಹೋದ ನನ್ನ ಪಕ್ಕೆಗೆ ಬೂಟಿನಲ್ಲಿ ಒದ್ದ. ಬೀಗ ತುಂಡಾಯಿತು. ವಾಕಿ-ಟಾಕಿಯಲ್ಲಿ "ಆಲ್ ಕ್ಲಿಯರ್" ಎಂದ. ಆಚೆ ದಡದ ಗಾಜಿನ ಕೋಣೆಯಲ್ಲಿ ಕೂತವನು ನೀರು ಬಿಟ್ಟ.

ಕಟರ್ ಕಿತ್ತುಕೊಂಡು ಅವನ ದವಡೆಗೆ ಬೀಸಿದೆ. ಹಲ್ಲು, ವಾಕಿ-ಟಾಕಿ ಎರಡೂ ಗುಂಡಿಗೆ ಬಿದ್ದವು. ಬೆಲ್ಟು ಹಿಡಿದು ಗುಂಡಿಗಿಳಿಯುವ ಏಣಿಗೆ ದಬ್ಬಿದೆ. ಕಟರ್ ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನ ಬೆರಳು ತುಳಿಯುತ್ತ ಒಂದೊಂದೇ ಮೆಟ್ಟಿಲು ಇಳಿಸಿದೆ.

"ಸ್ಟಾಪ್! ಸ್ಟಾಪ್! ಜನ ಇದೀವಿ ಇಲ್ಲಿ!"

ಈಗ ಜನ ಇದ್ದಾರಂತೆ! ನೀರಿನ ಮೊರೆತದಲ್ಲಿ ಅವನ ಅರಚಾಟ ನನಗೇ ಸರಿಯಾಗಿ ಕೇಳಿಸಲಿಲ್ಲ.

ಗೇಟಿನ ಮೂಲೆಯಲ್ಲಿ ಕೂತಿದ್ದ ಶಿವರಾಮುವಿಗೆ ನೀರು ಎದೆಮಟ್ಟ ಬಂದಿತ್ತು. ಹಯವದನನನ್ನು ಕಂಡವನೇ, ಅಂಥ ಹೊತ್ತಿನಲ್ಲೂ, "ನಮಸ್ಕಾರ ಸಾರ್" ಎಂದ.

ನನಗೆ ಅಳು ಬಂತು.

"ಕಾಂಕ್ರೀಟ್ ಹಿಡ್ಕೊಳೋ ಆ ಕಡೆ," ಎಂದೆ.

ಹಯವದನ ಏಣಿಯ ಕಡೆ ನೋಡಿದ. ನಾನು ಕಟರ್ ಎತ್ತಿದೆ.

ನೀರೊಳಗೆ ಕೈಯಿಟ್ಟು ಬಗ್ಗಿದ.