ಕಪ್ಪು ಮುಂಗೋಲು

ಅಪ್ಪ ಮಾಡಿಕೊಟ್ಟದ್ದಕ್ಕಿಂತ ಆ ಕಪ್ಪು ಕೋಲೇ ತನ್ನ ಕೈಗೆ ಹಿತವಾಗಿದೆ ಎಂಬುದನ್ನು ನೆರಿಸ್ಸಾ ಯಾರಿಗೂ ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡದ್ದೂ ಬಚ್ಚಲಲ್ಲಿ, ನಲ್ಲಿ ಬಿಟ್ಟು, ಬಕೆಟ್ಟಿಗೆ ನೀರು ಬೀಳುವ ಸದ್ದಿನ ಮರೆಯಲ್ಲಿ. ಪದವಿ ಮುಗಿಸಿದ ಹೆಣ್ಣು ಒಂದು ಕೋಲಿಗೋಸ್ಕರ ಹೀಗೆ ಕಳ್ಳಿಯಂತೆ ಬದುಕುವುದೇ ಎಂದು ನಾಚಿಕೆಯೂ ಆಗಿತ್ತು.

ಅದು ಬರೀ ಕೋಲಾಗಿದ್ದರೆ ಸರಿ. ಆಂಹೆಲೆಸ್ ಪಟ್ಟಣದಲ್ಲಿ, ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟ ಆಡುವವರೆಲ್ಲ ಮಾಂಗ್ ಬೆರೋಂಗ್ ಎಂದು ಗೌರವದಿಂದ ಕರೆಯುವ ಅವಳ ಅಪ್ಪ ಕೋಲು ಮಾಡುವವನು. ಮಗಳು ಕಾಲೇಜು ಸೇರಿದ ವರ್ಷ ಒಂದು ಮೇಪಲ್ ಮರದ ತುಂಡನ್ನು ಆರಿಸಿ ತೊಲೆಗೆ ತೂಗುಹಾಕಿದ್ದ. ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟು, ಒಮ್ಮೆ ಇಳಿಸಿ ತೆಳ್ಳಗೆ ಒಂದು ಪದರ ಕೆತ್ತಿ, ಮತ್ತೆ ತೂಗುಹಾಕುವುದು. ಮರಕ್ಕೆ ಸಿಟ್ಟು ಬರದಂತೆ ಕೆತ್ತಬೇಕು, ಅವಸರ ಮಾಡಿದರೆ ಅದು ಬೆನ್ನು ತಿರುಗಿಸಿಕೊಳ್ಳುತ್ತದೆ ಎನ್ನುತ್ತಿದ್ದ. ಅವಳ ಓದು ಮುಗಿಯುವ ಹೊತ್ತಿಗೆ, ಹಿಡಿಗೆ ತಿರುಪಿ ಜೋಡಿಸುವ ಮುಂದಿನ ಅರ್ಧ, ಆ ಮುಂಗೋಲೂ ಮುಗಿದಿತ್ತು. ಅನ್ನದ ತಟ್ಟೆಯ ಪಕ್ಕ ಇಟ್ಟು, "ಮೀನು ಆರತ್ತೆ, ತಿನ್ನು" ಎಂದಿದ್ದ. ಅಷ್ಟೇ ಅವನ ಭಾಷಣ.

ಆ ಮುಂಗೋಲಿನಲ್ಲಿ ಅವಳು ಚೆನ್ನಾಗಿಯೇ ಆಡಿದಳು. ಆದರೆ ಬಿಳಿ ಚೆಂಡನ್ನು ಪಕ್ಕಕ್ಕೆ ಹೊಡೆದಾಗ ಮರ ಅದನ್ನು ಕೂದಲೆಳೆಯಷ್ಟು ಆಚೆ ತಳ್ಳುತ್ತದೆ. ಆ ಎಳೆಯನ್ನು ಲೆಕ್ಕ ಹಿಡಿದೇ ಗುರಿಯಿಡಬೇಕು. ಕೋಚ್ ಸಿಸೋ ಒಂದು ಮಧ್ಯಾಹ್ನ ತನ್ನ ಕಪ್ಪು ಕಾರ್ಬನ್ ಫೈಬರ್ ಮುಂಗೋಲನ್ನು ಅಪ್ಪ ಮಾಡಿದ ಹಿಡಿಗೇ ತಿರುಪಿ ಜೋಡಿಸಿ ಕೊಟ್ಟ. ಅವಳು ನೋಡಿದ ಕಡೆಗೇ ಚೆಂಡು ಹೋಯಿತು. ಲೆಕ್ಕವಿಲ್ಲ, ಓಲೈಕೆಯಿಲ್ಲ. ಯಾರೊಡನೆಯೂ ನೆಟ್ಟಗೆ ಮಾತಾಡಲಾರದ ಅವಳ ಮಾತನ್ನು ಯಾರೋ ಮೊದಲ ಸಲ ಅರ್ಧದಲ್ಲಿ ತಡೆಯದೆ ಕೇಳಿಸಿಕೊಂಡಂತಿತ್ತು.

"ಪ್ರಾಂತ್ಯದ ತಂಡದ ಆಯ್ಕೆ ಪಂದ್ಯಕ್ಕೆ ಇದನ್ನೇ ಹಿಡಿ," ಎಂದ ಸಿಸೋ.

"ಅಪ್ಪಂಗೆ ಏನು ಹೇಳ್ಲಿ?"

"ಮಳೆಗೆ ಸೊಟ್ಟ ಆಯ್ತು ಅನ್ನು. ಮರ ತಾನೆ? ಆಗತ್ತೆ. ದೇವರ ಮೇಲೆ ಹಾಕ್ದಂಗೂ ಆಯ್ತು, ಯಾರಿಗೂ ನೋವಿಲ್ಲ."

ಆಯ್ಕೆಯ ದಿನ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪೂಲ್ ಹಾಲ್‌ಗೆ ಬಂದ. ಮೂಲೆಯ ಮೇಜಿನಲ್ಲಿ ಕೈ ಪಳಗಿಸುತ್ತಿದ್ದ ಮಗಳ ಕೋಲಿನ ಮುಂದಿನ ಅರ್ಧ ಕಪ್ಪಗಿರುವುದನ್ನು ನೋಡಿದ.

"ನಮ್ದೆಲ್ಲಿ?"

"ಅದು... ಸೊಟ್ಟ ಆಗಿದೆ ಅಪ್ಪಾ. ಮಳೆಗೆ."

ಹೇಳಿದ ಮೇಲೆ ಅವಳಿಗೆ ತನ್ನ ದಡ್ಡತನ ಹೊಳೆಯಿತು. ಯಾರ ಮುಂದೆ ಯಾವ ಸುಳ್ಳು! ಅಪ್ಪ ಅವಳ ಚೀಲದಿಂದ ತಾನು ಮಾಡಿದ ಮುಂಗೋಲನ್ನು ತೆಗೆದು ಮೇಜಿನ ಹಸಿರು ಬಟ್ಟೆಯ ಮೇಲಿಟ್ಟು ಅಂಗೈಯಿಂದ ಮೆಲ್ಲಗೆ ಉರುಳಿಸಿದ. ಸೊಟ್ಟ ಕೋಲು ಉರುಳುವಾಗ ಕುಂಟುತ್ತದೆ, ತುದಿ ಎದ್ದು ಬೀಳುತ್ತದೆ. ಇದು ಕೊಳದ ಮೇಲೆ ಗಾಳಿ ಹೋದಂತೆ ಸಾಗಿತು. ಎಲ್ಲೂ ಒಂದು ತಡೆಯಿಲ್ಲ.

"ಏನಾಯ್ತು ಮಾಂಗ್ ಬೆರೋಂಗ್?" ಆಚೆ ಮೇಜಿನಿಂದ ಡಗುಲ್ ಕೂಗಿದ. ಅವನು ಬಾಡಿಗೆ ಟ್ರೈಸಿಕಲ್ ಓಡಿಸುವವನು, ಬಾಯಿ ಅದಕ್ಕಿಂತ ಜೋರಾಗಿ ಓಡುತ್ತಿತ್ತು.

ಅಪ್ಪ ಅರ್ಧ ದಾರಿಯಲ್ಲೇ ಕೋಲಿನ ಮೇಲೆ ಕೈ ಇಟ್ಟು ನಿಲ್ಲಿಸಿದ. ಮಗಳ ಮುಖ ನೋಡಲಿಲ್ಲ.

"ಸೊಟ್ಟ ಆಗಿದೆ ಕಣಪ್ಪ," ಎಂದ, ಎಲ್ಲರಿಗೂ ಕೇಳುವಂತೆ. "ಕೊನೇ ಪದರ ಅವಸರ ಮಾಡಿಬಿಟ್ಟೆ. ವಯಸ್ಸಾಯ್ತು."

ಅವಳು ಕಪ್ಪು ಕೋಲಿನಲ್ಲಿ ಗೆದ್ದಳು. ತಂಡಕ್ಕೂ ಸೇರಿದಳು.

ಮಾತಿಗೆ ಕಾಲಿಲ್ಲದಿದ್ದರೂ ಅದು ಓಡಿತು. ಬೆರೋಂಗ್ ಮಗಳಿಗೇ ಮಾಡಿದ್ದು ಸೊಟ್ಟ ಆದರೆ ನಮಗೆ ಮಾಡಿದ್ದರ ಗತಿಯೇನು? ವರ್ಷಗಟ್ಟಲೆ ಅವನ ಕೋಲಿನಲ್ಲೇ ಆಡಿದವರೂ ಮೇಜಿನ ಮೇಲೆ ಉರುಳಿಸಿ, ಕಣ್ಣು ಕಿರಿದು ಮಾಡಿ, ಇಲ್ಲದ ಕುಂಟನ್ನು ಹುಡುಕಿ ತೆಗೆದರು. ಹೊಸದು ಮಾಡಿಸಲು ಹೇಳಿದ್ದವರು ಹಾದಿ ಬದಲಿಸಿದರು. ಅಪ್ಪ ತೊಲೆಯ ಮೇಪಲ್ ತುಂಡುಗಳನ್ನು ಒಂದೊಂದಾಗಿ ಇಳಿಸಿ, ಮಾರುಕಟ್ಟೆಯವರಿಗೆ ಪೊರಕೆಯ ಹಿಡಿ ಮಾಡತೊಡಗಿದ. ಪೊರಕೆಗೆ ಕಾಯುವ ಕೆಲಸವಿಲ್ಲ; ಒಂದೇ ಸಲಕ್ಕೆ ಕೆತ್ತಿ ಬಿಸಾಡಬಹುದು.

ಮನೆಯಲ್ಲಿ ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅನ್ನ ಇಳಿಯುತ್ತಿತ್ತು. ಮೀನಿನ ಹೊಟ್ಟೆಯ ತುಂಡನ್ನು ಮೊದಲಿನಂತೆಯೇ ಅವಳ ತಟ್ಟೆಗೆ ಹಾಕುತ್ತಿದ್ದ. ಆದರೆ ಹಿಂದೆ ದಿನವೂ ಅವಳ ಕೋಲನ್ನು ಬಟ್ಟೆಯಿಂದ ಒರೆಸಿಡುತ್ತಿದ್ದವನು ಈಗ ಅದು ಒರಗಿರುವ ಗೋಡೆಯ ಕಡೆಗೇ ಹೋಗುತ್ತಿರಲಿಲ್ಲ, ಮನೆಗೆ ಬಂದ ಹೊಸ ಅಳಿಯನಿಗೆ ದಾರಿ ಬಿಡುವ ಹಾಗೆ.

ಅವನು ಯಾಕೆ ಹಾಗೆ ಹೇಳಿದ ಎಂದು ಅವಳು ಎಷ್ಟೋ ಯೋಚಿಸಿದಳು. ಮೊದಲು, ಮಗಳ ಮಾನ ಉಳಿಸಲು ಎಂದುಕೊಂಡಿದ್ದಳು. ಬರಬರುತ್ತಾ ಬೇರೆಯದೇ ಹೊಳೆಯಿತು. ಮರ ಕೈಕೊಟ್ಟಿತು ಎಂದರೆ ಅವನು ಹೇಗೋ ಬದುಕಿಯಾನು. ಮರ ಸರಿಯಿದ್ದೂ ಮಗಳಿಗೆ ಬೇಡವಾಯಿತು ಎಂದರೆ? ಆ ಸುಳ್ಳನ್ನು ಅವಳು ಹೇಳಿದ್ದಳು ನಿಜ, ಆದರೆ ಹೊದ್ದು ಕೂತವನು ಅವನು. ಅದನ್ನು ಈಗ ಎಳೆದರೆ ಯಾರು ಬತ್ತಲಾಗುತ್ತಾರೆ ಎಂಬುದು ತಿಳಿಯದೆ ಅವಳು ಸುಮ್ಮನಿದ್ದಳು. ಸುಮ್ಮನಿರುವುದು ಅವಳಿಗೆ ಕಲಿಸಬೇಕಾದ ವಿದ್ಯೆಯೂ ಆಗಿರಲಿಲ್ಲ.

ತಂಡ ಪದಕ ತಂದ ಭಾನುವಾರ ಹಾಲ್‌ನಲ್ಲೇ ಊಟ. ದೊಡ್ಡ ತಟ್ಟೆಯಲ್ಲಿ ಪನ್ಸಿತ್ ಶಾವಿಗೆ, ಹೆಂಚಿನ ಮೇಲೆ ಚುರುಗುಡುವ ಹಂದಿಮಾಂಸದ ಸಿಸಿಗ್, ಬಿಯರ್. ಅಪ್ಪ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತಿದ್ದ, ಬೇಕೆಂದಾಗ ಎದ್ದು ಹೋಗಲು ಅನುಕೂಲವಾಗುವಂತೆ.

ಡಗುಲ್ ಬಾಟಲಿ ಎತ್ತಿದ. "ನಮ್ಮ ನೆರಿಸ್ಸಾಗೆ! ಮಾಂಗ್ ಬೆರೋಂಗ್, ಬೇಜಾರ್ ಮಾಡ್ಕೋಬೇಡಿ, ನಂದೊಂದು ಉಪಾಯ. ಬಾಳೆಹಣ್ಣು ಮಾರಿ. ಅದು ಸೊಟ್ಟ ಇದ್ರೆ ಯಾರೂ ವಾಪಸ್ ತರಲ್ಲ!"

ಹಾಲ್ ಹೊಟ್ಟೆ ಹಿಡಿದು ನಕ್ಕಿತು. ಸಿಸೋ ನಗುತ್ತಾ ತಟ್ಟೆ ನೋಡಿಕೊಂಡ. ಅಪ್ಪನೂ ನಕ್ಕ. "ಆಗ್ಲಿ ಮಾರಾಯ, ನಿನ್ನ ಟ್ರೈಸಿಕಲ್ಲಲ್ಲೇ ಹೇರ್ಕೊಂಡು ಹೋಗೋಣ," ಎಂದ. ಹಾಗೆ ನಗುವಾಗ ಅವನ ಎಡಗೈ ತೊಡೆಯ ಮೇಲೆ ಇಲ್ಲದ ಕೋಲೊಂದನ್ನು ಉರುಳಿಸುತ್ತಿತ್ತು, ಹಿಂದಕ್ಕೆ, ಮುಂದಕ್ಕೆ.

ನೆರಿಸ್ಸಾ ಎದ್ದು ನಿಂತಳು. ಕುರ್ಚಿ ಕಿರುಗುಟ್ಟಿದ್ದಕ್ಕೆ ನಗು ಅರ್ಧಕ್ಕೆ ನಿಂತಿತು. ಅವಳು ಮಾತಾಡಲು ಎದ್ದು ನಿಂತದ್ದನ್ನು ಆ ಹಾಲ್ ಯಾವತ್ತೂ ಕಂಡಿರಲಿಲ್ಲ. ಅಪ್ಪ ಅವಳನ್ನೇ ನೋಡುತ್ತಿದ್ದ. ಬೇಡ ಎನ್ನುವಂತೆ ತಲೆಯನ್ನು ತುಸುವೇ ಆಡಿಸಿದ. "ಕೂತ್ಕೋ ಮಗಳೇ. ಪನ್ಸಿತ್ ಆರ್ಹೋಗತ್ತೆ."

ಅವಳಿಗೆ ಅವನನ್ನು ನೋಡಿಕೊಂಡು ಹೇಳಲಾಗದು ಎನಿಸಿತು. ಆದರೂ ಅವನನ್ನೇ ನೋಡಿದಳು.

"ಅಪ್ಪನ ಕೋಲು ನೆಟ್ಟಗೇ ಇತ್ತು," ಎಂದಳು. "ನಂಗೇ ಅದು ಬೇಡವಾಗಿತ್ತು."