ಪೂಜೆಯ ಹೊತ್ತಿನ ಪಾಠ

ಶಿವಪೂಜೆಗೆ ಕುಳಿತವರನ್ನು ಮಾತಾಡಿಸಬಾರದು. ಸಿರುಗುಪ್ಪದ ಆ ಓಣಿಯಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಬೀಗರು ಬಂದರೂ ಅಷ್ಟೇ, ಅಮೀನ ಬಂದರೂ ಅಷ್ಟೇ. "ಪೂಜಿಗೆ ಕುಂತಾರ" ಎಂದರೆ ಮುಗಿಯಿತು, ಹೊರಗೆ ಕಟ್ಟೆಯ ಮೇಲೆ ಕೂತು ಕಾಯಬೇಕು. ಗಂಡ ಹೋದ ಮೇಲೆ ಅಕ್ಕನಾಗಮ್ಮನಿಗೆ ಇಡೀ ದಿನದಲ್ಲಿ ತನ್ನದು ಅಂತ ಉಳಿದದ್ದು ಆ ಹೊತ್ತೊಂದೇ.

ಮಿಕ್ಕ ಹೊತ್ತೆಲ್ಲ ಬಂದವರದ್ದು. ಕುರುಗೋಡಿನ ತವರಿನಿಂದ, ತೆಕ್ಕಲಕೋಟೆಯಿಂದ, ಮೋಕದಿಂದ ಬಸ್ಸಿಳಿದು ಬಂದ ಹೆಂಗಸರು ಹೊಸ್ತಿಲಲ್ಲೇ ದನಿ ತೆಗೆದು ಅಳುತ್ತಿದ್ದರು. ಅವಳನ್ನು ತಬ್ಬಿ ಅಲುಗಿಸುತ್ತಿದ್ದರು. ಅವಳು ಅಲುಗುತ್ತಿದ್ದಳು, ಅಷ್ಟೇ. ಕಾಮಾಲೆ ಎಂದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ ಮರಿಬಸಪ್ಪ ವಾರ ತುಂಬುವುದರೊಳಗೆ ತೀರಿಕೊಂಡಾಗ ಬಾರದ ಅಳು ಆಮೇಲೂ ಬರಲಿಲ್ಲ. ಎಪ್ಪತ್ತನಾಲ್ಕರ ಬೇಸಿಗೆ ಮುಗಿದು ಕಾಲುವೆಗೆ ನೀರು ಬಿಟ್ಟರು, ಗದ್ದೆಗಳು ಹಸಿರಾದವು. ಅವಳ ಕಣ್ಣು ಮಾತ್ರ ಒಣಗಿಯೇ ಇತ್ತು.

ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪತ್ರಿ ಏರಿಸುತ್ತಿದ್ದಳು. ಅದನ್ನೆಲ್ಲ ಕೈಗಳು ತಾವಾಗಿಯೇ ಮಾಡಿ ಮುಗಿಸುತ್ತಿದ್ದವು. ಲಿಂಗವನ್ನು ಬೆಳ್ಳಿಯ ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡ ಮೇಲೂ ಏಳುತ್ತಿರಲಿಲ್ಲ. ಕಣ್ಣು ಮುಚ್ಚಿ, ತುಟಿಯಂಚಿನಲ್ಲಿ ಶುರು ಮಾಡುತ್ತಿದ್ದಳು.

"ಆಬ್ಲೊ, ಆಬ್ಲಾಸ್, ಆಬ್ಲಾ, ಆಬ್ಲಾಮೊಸ್, ಆಬ್ಲಾನ್."

ಅದು ಸ್ಪ್ಯಾನಿಷ್. ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ, ಮಾತಾಡುತ್ತೇವೆ, ಮಾತಾಡುತ್ತಾರೆ.

ಮರಿಬಸಪ್ಪ ಸಿರುಗುಪ್ಪದ ಕೃಷಿ ಫಾರಮ್ಮಿನಲ್ಲಿ ಮೆಕ್ಕೆಜೋಳದ ತಳಿಗಳನ್ನು ನೋಡಿಕೊಳ್ಳುತ್ತಿದ್ದ. ತರಬೇತಿಗೆಂದು ಮೆಕ್ಸಿಕೊ ದೇಶಕ್ಕೆ ಕಳಿಸುವುದೆಂದು ಗೊತ್ತಾದಾಗ, ಅಲ್ಲಿ ಹೊಲದಲ್ಲಿ ದುಡಿಯುವವರಿಗೆ ಇಂಗ್ಲಿಷ್ ಬಾರದು, ಒಂದಿಷ್ಟು ಸ್ಪ್ಯಾನಿಷ್ ಕಲಿತಿರು ಎಂದು ಹಿಂದೆ ಹೋಗಿಬಂದ ಯಾರೋ ಹೇಳಿದ್ದರು. ಮುಂಬಯಿಯಿಂದ ವಿ.ಪಿ. ಅಂಚೆಯಲ್ಲಿ ಪುಸ್ತಕ ತರಿಸಿದ. ಆದರೆ ಯಾರಾದರೂ ಎದುರಿಗೆ ಕೂತು ಕೇಳಿಸಿಕೊಳ್ಳದೆ ಅವನಿಗೆ ಯಾವ ಪಾಠವೂ ತಲೆಗೆ ಹತ್ತುತ್ತಿರಲಿಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದ ಹೆಂಡತಿಯ ಕೈಗೆ ಪುಸ್ತಕ ಕೊಟ್ಟು, ನೀರು ಕಾಯುವ ತನಕ ಬಚ್ಚಲ ಕಟ್ಟೆಯ ಮೇಲೆ ಟವೆಲು ಸುತ್ತಿಕೊಂಡು ಕೂತು ಒಪ್ಪಿಸುತ್ತಿದ್ದ.

"ಶಬ್ದದ ಬಾಲ ಕೀಳೂದು, ಬ್ಯಾರೆ ಬಾಲ ಹಚ್ಚೂದು. ಇಷ್ಟ ನೋಡು ಲೇ ನಾಗೀ, ಈ ಭಾಷಿ. ಆಬ್ಲಾರ್ ಅಂದ್ರ ಮಾತಾಡೂದು. ಕೊಮೇರ್ ಅಂದ್ರ ಉಣ್ಣೂದು. ಬಿಬೀರ್ ಅಂದ್ರ ಬದುಕೂದು. ಮೂರು ಜಾತಿ ಬಾಲ ಗೊತ್ತಿದ್ರ ಸಾವಿರ ಶಬ್ದ ನಿನ್ನ ಕೊಟ್ಟಿಗ್ಯಾಗ ಬಂದು ನಿಲ್ತಾವು."

"ಪುಸ್ತಕದಾಗ ಆರು ಅದಾವು, ನೀವು ಐದ ಹೇಳಿದ್ರಿ. 'ನೀವೆಲ್ಲ' ಅನ್ನೂದು ಬಿಟ್ರಿ" ಎಂದು ಅವಳು ಸಾಲಿನ ಮೇಲೆ ಬೆರಳಿಡುತ್ತಿದ್ದಳು.

"ಅದು ಸ್ಪೇನಿನವ್ರಿಗೆ. ಮೆಕ್ಸಿಕೊದಾಗ ಅದನ್ನ ಆಡೂದಿಲ್ಲಂತ. ಕೆಳಗ ಸಣ್ಣಕ್ಷರದಾಗ ಬರದಾನ ನೋಡು, ಪುಣ್ಯಾತ್ಮ. ಐದರಾಗ ಆಗೂ ಕೆಲಸಕ್ಕ ಆರ್ಯಾಕ ಹೊರಬೇಕು?"

ಭೂತಕಾಲಕ್ಕೆ ಬಂದಾಗ ಅವನ ಗಾಡಿ ದಿನಾ ಒಂದೇ ಕುಣಿಗೆ ಇಳಿಯುತ್ತಿತ್ತು. ಆಬ್ಲೇ, ಆಬ್ಲಾಸ್ತೆ ಎಂದು ಸರಿಯಾಗಿ ಬಂದು, ಮೂರನೆಯದನ್ನು 'ಆಬ್ಲೊ' ಎಂದು ಮೊಟಕಾಗಿ ಹೇಳಿಬಿಡುತ್ತಿದ್ದ.

"ಒತ್ತು ಕೊನೀಗೆ ಬರಲಿ ರೀ. ಆಬ್ಲೋ, 'ಅವ ಮಾತಾಡಿದ'. ನೀವಂದಂಗಂದ್ರ 'ನಾನು ಮಾತಾಡ್ತೀನಿ' ಅಂದಂಗಾತು."

"ನಾ ಮಾತಾಡಾಕ ಹತ್ತೀನಲ್ಲ ಮತ್ತ, ತಪ್ಪೇನೈತಿ?" ಎಂದು ನಗುತ್ತಿದ್ದ. ಮರುದಿನ ಮತ್ತೆ ಅದೇ ಕುಣಿ.

ಭವಿಷ್ಯತ್ಕಾಲ ಅವನಿಗೆ ಬಹಳ ಹಿಡಿಸಿತ್ತು. ಅಲ್ಲಿ ಬಾಲ ಕೀಳುವ ಕೆಲಸವೂ ಇಲ್ಲ. ಇಡೀ ಶಬ್ದಕ್ಕೇ ಜೋಡಿಸಿದರಾಯಿತು, ಮೂರು ಜಾತಿಗೂ ಒಂದೇ ಬಾಲ. ಅದಾದ ಮೇಲಿನ ಅಧ್ಯಾಯ ನಿಯಮಕ್ಕೆ ಬಗ್ಗದ ಕ್ರಿಯಾಪದಗಳದ್ದು. ಬಳ್ಳಾರಿಯ ಡಾಕ್ಟರಿಗೆ ತೋರಿಸಿಕೊಂಡು ಬಂದ ಮೇಲೆ ಶುರು ಮಾಡೋಣ ಎಂದು ಆ ಪುಟದಲ್ಲಿ ಕಡ್ಡಿ ಇಟ್ಟು ಹೋಗಿದ್ದ.

ಅಕ್ಕನಾಗಮ್ಮ ಆ ಕಡ್ಡಿಯ ಆಚೆಗೆ ಹೋಗಲಿಲ್ಲ. ಈಚೆಗಿನದನ್ನು ಮಾತ್ರ, ಅವನು ಬಿಟ್ಟದ್ದನ್ನು ತಾನೂ ಬಿಟ್ಟು, ಐದೈದಾಗಿ ದಿನವೂ ಹೇಳಿಕೊಂಡಳು.

ಎರಡು ಮನೆ ಆಚೆಗೆ ಉಚ್ಚೆಂಗೆಮ್ಮನ ಮನೆ. ಅವಳ ನಾಲಿಗೆ ಓಣಿಗೆಲ್ಲ ಸಾಲುವಷ್ಟು ಉದ್ದ. ಒಂದು ದಿನ ಕಟ್ಟೆಯ ಮೇಲೆ ಅವಳು ಅತ್ತೆ ಚನ್ನವೀರಮ್ಮನನ್ನು ಕೆಣಕಿದ್ದು ಒಳಗೆ ಕೂತಿದ್ದ ಅಕ್ಕನಾಗಮ್ಮನಿಗೆ ಕೇಳಿಸಿತು.

"ಅಲ್ಲಕ್ಕಾ, ನಿನ್ನ ಸೊಸಿ ಕಣ್ಣಾಗ ಒಂದು ಹನಿ ನೀರಿಲ್ಲಲ್ಲ. ಓದಿದವ್ರ ಎದಿ ಕಲ್ಲಿರತೈತೇನು?"

"ಲೇ ಉಚ್ಚೆಂಗೀ, ಆಕಿಗೆ ಮಂತ್ರ ಸಿಕ್ಕೈತಿ" ಎಂದಳು ಅತ್ತೆ, ದನಿ ಏರಿಸದೆ. "ಧಾರವಾಡದಾಗ ಇದ್ದಾಗ ದೊಡ್ಡ ಅಯ್ನೋರೊಬ್ರು ಕೊಟ್ಟಾರ. ದಿನಾ ಪೂಜ್ಯಾಗ ಜಪ ಮಾಡ್ತಾಳ, ಅದರ ಬಲದ ಮ್ಯಾಲೆ ನಿಂತಾಳ. ನೀನು ಹುಟ್ಟಿದಾಗಿಂದ ಬಾಯಿ ಮುಚ್ಚಿ ಕುಂತದ್ದು ಐತೇನು, ನಿನಗೇನು ತಿಳೀತೈತಿ?"

ಓಣಿ ನಂಬಿತು. ಅತ್ತೆಯೂ ಹಾಗೇ ನಂಬಿದ್ದಾಳೆ ಎಂದುಕೊಂಡಳು ಅಕ್ಕನಾಗಮ್ಮ. ತಿದ್ದಲು ಹೋಗಲಿಲ್ಲ. ಆ ನಂಬಿಕೆಯಿಂದ ಬಾಗಿಲು ಇನ್ನಷ್ಟು ಗಟ್ಟಿಯಾಗಿತ್ತು. ಅಳುವವರು ಕೂಡ ಈಗ ಅವಳ ಮುಂದೆ ದನಿ ತಗ್ಗಿಸುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಉಚ್ಚೆಂಗೆಮ್ಮ ಮತ್ತೆ ಬಂದಳು. ಈ ಸಲ ಕಟ್ಟೆಯ ಮೇಲೆ ಕೂರಲಿಲ್ಲ, ನೇರ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು. ಅವಳ ಮಗಳು ಸುವರ್ಣಮ್ಮನನ್ನು ಕುರುಗೋಡಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆ, ಮಗು ಉಳಿಯಲಿಲ್ಲ. ತವರಿಗೆ ಬಂದವಳು ಉಣ್ಣಲೊಲ್ಲಳು, ಮಲಗಲೊಲ್ಲಳು, ಅಳುವುದೊಂದೇ.

"ರವಿಕಿ ತೊಯ್ದಾಗೆಲ್ಲ ಅಳ್ತಾಳ ತಾಯಿ" ಎಂದಳು ಉಚ್ಚೆಂಗೆಮ್ಮ. "ಹಾಲಿಗೇನು ಗೊತ್ತು ಕೂಸು ಇಲ್ಲಂತ. ನಾ ಆವತ್ತು ನಿನಗ ಕಲ್ಲು ಅಂದೆ, ನನ್ನ ನಾಲಿಗಿ ಸುಡ್ಲಿ. ನಿನ್ನ ಅಳು ನಿಲ್ಲಿಸಿದ ಆ ಮಂತ್ರ ನನ್ನ ಮಗಳಿಗೂ ಕೊಡು. ಸೋಮವಾರ ತಲೀ ಮ್ಯಾಲೆ ನೀರು ಹಾಕಿಸಿ ಕರ್ಕೊಂಡು ಬರ್ತೀನಿ. ಇಲ್ಲನಬ್ಯಾಡ."

ಅಕ್ಕನಾಗಮ್ಮನ ಬಾಯಲ್ಲಿ ಹೂಂ ಬರಲಿಲ್ಲ, ಊಹೂಂ ಕೂಡ ಬರಲಿಲ್ಲ. ಉಚ್ಚೆಂಗೆಮ್ಮ ಅದನ್ನೇ ಒಪ್ಪಿಗೆ ಎಂದುಕೊಂಡು ಎದ್ದು ಹೋದಳು.

ಕೊಟ್ಟರೆ ನೊಂದ ಹುಡುಗಿಗೆ ಸುಳ್ಳು ಕೊಟ್ಟಂತೆ. ನಿಜ ಹೇಳಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಪೂಜೆಗೆ ಕೂತು ಯಾವುದೋ ದೇಶದ ಮಾತು ಒದರುತ್ತಾಳಂತೆ ಎನ್ನುತ್ತಾರೆ, ಅತ್ತೆ ಸುಳ್ಳಿಯಾಗುತ್ತಾಳೆ. ಆಮೇಲೆ ಆ ಬಾಗಿಲನ್ನು ಯಾರು ಬೇಕಾದರೂ ತಳ್ಳಿಕೊಂಡು ಬಂದಾರು. ಆ ಹೊತ್ತು ಹೋದರೆ ತನಗೆ ಇನ್ನೇನಿದೆ ಎಂದು ನೋಡಿಕೊಂಡಳು. ಏನೂ ಕಾಣಲಿಲ್ಲ.

ಸಂಜೆ ಚನ್ನವೀರಮ್ಮ ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಪಕ್ಕದಲ್ಲಿ ಕೂತು ಹೇಳಿದಳು.

"ಅತ್ತೀ, ನಾ ಹೇಳೂದು ಮಂತ್ರ ಅಲ್ಲ."

ಅತ್ತೆಯ ಕೈ ನಿಲ್ಲಲಿಲ್ಲ. "ಗೊತ್ತೈತಿ."

"ಏನು ಗೊತ್ತೈತಿ?"

"ನನ್ನ ಮಗ ಬಚ್ಚಲ ಕಟ್ಟಿ ಮ್ಯಾಲೆ ಕುಂತು ಒದರತಿದ್ದಿಲ್ಲೇನು? ಒಲಿ ಮುಂದ ಕುಂತು ನೀರು ಕಾಸಾಕಿ ನಾನ ಅಲ್ಲೇನು? ಓದು ಬರೂದಿಲ್ಲ ಖರೆ, ಕಿವಿ ಅದಾವು."

"ಮತ್ತ ಮಂತ್ರ ಅಂತ ಯಾಕ ಹೇಳಿದ್ರಿ?"

"ಇನ್ನೇನು ಹೇಳಲಿ? ಸತ್ತ ಗಂಡನ ಪಾಠ ಒಪ್ಪಸ್ತಾಳ ಅಂದಿದ್ರ, ಗಾಳಿ ಸೋಕೈತಿ ಅಂತ ದರ್ಗಾಕ್ಕ ಎಳಕೊಂಡು ಹೋಗ್ತಿದ್ರು ನಿನ್ನ." ರೊಟ್ಟಿ ಬಡಿದು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದಳು. "ನಿನ್ನ ಪೂಜಿ ಹೊತ್ತಿನ್ಯಾಗ ದಿನಾ ನಾನೆಲ್ಲಿರತೀನಿ, ಎಂದರ ನೋಡೀಯೇನು?"

"ಪಡಸಾಲ್ಯಾಗ. ಅಕ್ಕಿ ಆರಸ್ತಿರತೀರಿ."

"ಬಾಗಿಲ ಮಗ್ಗಲಾಗ, ಕಿವಿ ಒಳಗಿಟ್ಟು. ಅದ ಅಕ್ಕಿ ದಿನಾ. ಕಲ್ಲಿಲ್ಲದ ಅಕ್ಕಿ."

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಚನ್ನವೀರಮ್ಮ ಅದನ್ನು ತಿರುವಿ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆಯೂ ಇತ್ತು.

"ಆ ಹುಡುಗೀಗೆ ಸುಳ್ಳು ಹೇಳಾಕ ನನ್ನ ಕೈಲೆ ಆಗೂದಿಲ್ಲತ್ತಿ. ನಿಮ್ಮ ಮಾತು ಹೋಗತೈತಿ."

"ಹೋದ್ರ ಹೋಗಲಿ. ಈ ವಯಸ್ಸಿನ್ಯಾಗ ಮಾತು ಇಟಗೊಂಡು ಏನು ಉಪ್ಪಿನಕಾಯಿ ಹಾಕಲೇನು? ಖರೇನ ಹೇಳು. ಹೇಳೂದು ಮಾತ್ರ ನಿಲ್ಲಸಬ್ಯಾಡ."

ಸೋಮವಾರ ಉಚ್ಚೆಂಗೆಮ್ಮ ತೆಂಗಿನಕಾಯಿ, ಎಲೆಅಡಿಕೆ, ಊದಿನಕಡ್ಡಿ ಹಿಡಿದುಕೊಂಡು ಮಗಳನ್ನು ಕರೆತಂದಳು. ಸುವರ್ಣಮ್ಮ ಒದ್ದೆ ಕೂದಲು ಬಿಟ್ಟುಕೊಂಡು ಗೋಡೆಗಾನಿ ಕೂತಳು. ಇಪ್ಪತ್ತು ದಾಟಿರದ ಹುಡುಗಿ. ಕಣ್ಣಿನ ರೆಪ್ಪೆ ಬಾತುಕೊಂಡಿತ್ತು.

"ಉಚ್ಚೆಂಗೆಮ್ಮಾರ, ಕಾಯಿ ಕೆಳಗಿಡ್ರಿ" ಎಂದಳು ಅಕ್ಕನಾಗಮ್ಮ. "ನನ್ನ ಹತ್ರ ಮಂತ್ರ ಇಲ್ಲ. ನಾ ಹೇಳೂದು ಒಂದು ಪಾಠ. ಪರದೇಶದ ಭಾಷಿದು. ನಮ್ಮನಿಯವ್ರು ಕಲೀತಿದ್ರು, ನಾ ಕೇಳಿಸ್ಕೋತಿದ್ದೆ. ಅದನ್ನ ಹೇಳಿಕೋತೀನಿ, ಅಷ್ಟ."

ಉಚ್ಚೆಂಗೆಮ್ಮನ ಸಿಟ್ಟು ಹೋದದ್ದು ಬಾಗಿಲ ಬಳಿ ಮೊರ ಹಿಡಿದು ಕೂತಿದ್ದ ಅತ್ತೆಯ ಮೇಲೆ.

"ಅಯ್ನೋರು ಕೊಟ್ಟಾರಂದಿಯಲ್ಲಕ್ಕಾ! ದೊಡ್ಡ ಅಯ್ನೋರು!"

"ಅಂದೆ."

"ಸುಳ್ಳು ಹೇಳಾಕ ಶಿವಪೂಜಿನ ಬೇಕಾತೇನು ನಿನಗ?"

"ನಿನ್ನ ಬಾಯಿ ಮುಚ್ಚಸಾಕ ಅದಕ್ಕಿಂತ ಸಣ್ಣದು ಸಾಲ್ತಿದ್ದಿಲ್ಲ ಬಿಡು."

ಉಚ್ಚೆಂಗೆಮ್ಮ ಕಾಯಿ ಎತ್ತಿಕೊಂಡು ಎದ್ದಳು. "ನಡಿಯ ಸುವರ್ಣಾ." ಸುವರ್ಣಮ್ಮ ಏಳಲಿಲ್ಲ. ತಾಯಿ ಇನ್ನೊಮ್ಮೆ ಕರೆದು, ಕಾಲಪ್ಪಳಿಸಿ ಒಬ್ಬಳೇ ಹೊರಟುಹೋದಳು.

"ಅಕ್ಕಾ," ಹುಡುಗಿಯ ದನಿ ಅತ್ತತ್ತು ಒಡೆದಿತ್ತು, "ಅದನ್ನ ಹೇಳಿದ್ರ ಅಳು ನಿಲ್ತೈತೇನು?"

"ಇಲ್ಲ ಸುವರ್ಣಾ. ನನಗ ಅಳು ನಿಂತಿಲ್ಲ, ಬರೂದ ಇಲ್ಲ. ಅದು ಚಲೋದಲ್ಲ. ನಿನ್ನದು ನಿಲ್ಲಸಬ್ಯಾಡ."

"ಮತ್ತ್ಯಾಕ ಹೇಳ್ತೀರಿ?"

ಇದನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಯೋಚಿಸಿ ಹೇಳಿದಳು. "ಒಂದು ಹೇಳಿದ್ರ ಅದರ ಮುಂದಿಂದು ಏನಂತ ಗೊತ್ತಿರತೈತಿ. ಅದಕ್ಕ."

ಸುವರ್ಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾ ಏಳನೇತ್ತಿ ತನ ಸಾಲಿ ಕಲತೀನಿ. ನನಗೂ ಹೇಳಿಕೊಡ್ರಿ."

ಅಕ್ಕನಾಗಮ್ಮ ಗೂಡಿನಿಂದ ಪುಸ್ತಕ ಇಳಿಸಿದಳು. ಅವನು ಹೋದ ಮೇಲೆ ಅದನ್ನು ಮುಟ್ಟಿದ್ದು ಆವತ್ತೇ. ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಮೊದಲಿನಂತೆ ಸಾಲಿನ ಮೇಲೆ ಬೆರಳಿಟ್ಟಳು. ಬಾಲ ಕೀಳುವುದು, ಬಾಲ ಹಚ್ಚುವುದು. ಹುಡುಗಿ ಚುರುಕು. ಕೋಮೊ, ಕೋಮೆಸ್, ಕೋಮೆ ಎನ್ನುವಾಗ ಕಣ್ಣೀರು ತನ್ನ ಪಾಡಿಗೆ ಇಳಿಯುತ್ತಿತ್ತು, ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು. ಎರಡೂ ಒಂದನ್ನೊಂದು ತಡೆಯಲಿಲ್ಲ. ಉಣ್ಣುತ್ತೇನೆ, ಉಣ್ಣುತ್ತೀಯ. ಬದುಕುತ್ತೇನೆ, ಬದುಕುತ್ತೀಯ. ಕಾಲ ಬದಲಿಸಿ ಮೊದಲಿನ ಶಬ್ದಕ್ಕೆ ಮರಳಿದರು.

"ಆಬ್ಲೇ, ಆಬ್ಲಾಸ್ತೆ, ಆಬ್ಲೊ..." ಎಂದಳು ಸುವರ್ಣಮ್ಮ.

"ಒತ್ತು ಕೊನೀಗೆ ಬರಲಿ" ಎಂದಳು ಅಕ್ಕನಾಗಮ್ಮ, ಪುಸ್ತಕದಿಂದ ತಲೆ ಎತ್ತದೆ. "ಹಂಗಂದ್ರ 'ನಾನು ಮಾತಾಡ್ತೀನಿ'..."

ಮುಂದಿನದು ಬರಲಿಲ್ಲ. ಬೆರಳಿನ ಕೆಳಗೆ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡವು. ಹೊರಗೆ ಮೊರದ ಸದ್ದು ನಿಂತಿತು.

"ನೀರು ತರ್ಲೇನಕ್ಕಾ?"

ಬೇಡ ಎಂದು ಕೈ ಆಡಿಸಿದಳು. ಪುಸ್ತಕದ ಮೇಲೆ ಬಿದ್ದದ್ದನ್ನು ಸೆರಗಿನಿಂದ ಒತ್ತಿದಳು. ಆಮೇಲೆ ಸುವರ್ಣಮ್ಮನೇ, ಈ ಸಲ ಒತ್ತು ಕೊನೆಗಿಟ್ಟು, ಮೆಲ್ಲಗೆ ಮೊದಲಿನಿಂದ ಶುರು ಮಾಡಿದಳು.

ಬಿಸಿಲು ಏರುವ ಹೊತ್ತಿಗೆ ಉಚ್ಚೆಂಗೆಮ್ಮ ಮಗಳನ್ನು ಎಬ್ಬಿಸಿಕೊಂಡು ಹೋಗಲು ವಾಪಸು ಬಂದಳು. ಕಾಯಿ ಇನ್ನೂ ಕೈಯಲ್ಲೇ ಇತ್ತು. ಬಾಗಿಲಿಗೆ ಚನ್ನವೀರಮ್ಮನ ಕೈ ಅಡ್ಡ ಬಂತು.

"ಅಲ್ಲೇ ಕುಂದ್ರು. ಒಳಗ ಪಾಠ ನಡದೈತಿ."

"ಪಾಠ ನಡದ್ರ ನಾ ಯಾಕ ಕಾಯಬೇಕು? ಪೂಜೇನದು?"

"ಕುಂದ್ರು ಅಂದೆ."

ಉಚ್ಚೆಂಗೆಮ್ಮ ಗೊಣಗುತ್ತ ಕೂತಳು. ಒಳಗಿನಿಂದ ಮಗಳ ದನಿ ಬರುತ್ತಿತ್ತು, ತಪ್ಪಿ, ನಿಂತು, ಮತ್ತೆ ಹೊರಟು. ಅದನ್ನು ಕೇಳಿ ಗೊಣಗುವುದನ್ನು ಬಿಟ್ಟಳು. ಚನ್ನವೀರಮ್ಮ ಮೊರವನ್ನು ಇಬ್ಬರ ನಡುವೆ ಸರಿಸಿ, "ಆರಸು" ಎಂದಳು.

ಉಚ್ಚೆಂಗೆಮ್ಮ ಕಾಯಿ ಬದಿಗಿಟ್ಟು ಅಕ್ಕಿಯಲ್ಲಿ ಬೆರಳಾಡಿಸಿದಳು. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ.

"ಅಕ್ಕಾ, ಇದರಾಗ ಕಲ್ಲ ಇಲ್ಲಲ್ಲ."

"ಇಲ್ಲ," ಎಂದಳು ಚನ್ನವೀರಮ್ಮ. "ಸುಮ್ನ ಆರಸು."