ರಾಧಮ್ಮನ ಮಹಡಿಗೆ ಒಂದು ಆಂಪ್ಲಿಫೈಯರ್

ಶಿವರಾತ್ರಿ ಕಳೆದು ಬಿಸಿಲು ಆಗಷ್ಟೇ ಚುರುಕಾಗುತ್ತಿತ್ತು. ಎರಡು ಸಾವಿರದ ಏಳನೇ ಇಸವಿ, ಶನಿವಾರ, ಮಧ್ಯಾಹ್ನ ಎರಡು ಗಂಟೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಕಲೀಮುಲ್ಲಾ ಸಾಬರು ಸುಟ್ಟುಹೋದ ಹಾರನ್ ಬಿಚ್ಚಿಕೊಂಡು ಕೂತಿದ್ದಾಗ ನೀಲಾಂಬಿಕೆ ಟೀಚರು ಬಂದು, ಉದ್ದನೆಯ ಚೀಲವೊಂದನ್ನು ಮೇಜಿನ ಮೇಲೆ ಮಲಗಿಸಿದರು.

ಟೀಚರು ನರಸಿಂಹರಾಜಪುರದ ಶಾಲೆಯವರು. ಅಲ್ಲಿನ ವಾರ್ಷಿಕೋತ್ಸವಕ್ಕೆ ಸಾಬರದೇ ಮೈಕು, ಹಾಗಾಗಿ ಪರಿಚಯ. ಚೀಲದೊಳಗಿಂದ ಗಿಟಾರ್ ಹೊರಬಂತು. ಸಾಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಎಂತ ಟೀಚರೆ ಇದು, ಹೊಟ್ಟೆಯಲ್ಲಿ ತೂತೇ ಇಲ್ಲ?"

"ಎಲೆಕ್ಟ್ರಿಕ್ ಗಿಟಾರ್ ಸಾಬ್ರೆ. ಕರೆಂಟಿಲ್ದೆ ಇದಕ್ಕೆ ದನಿ ಇಲ್ಲ."

ಸಾಬರು ತಂತಿಯ ಕೆಳಗಿನ ಕಬ್ಬಿಣದ ಗುಂಡುಗಳ ಹತ್ತಿರ ಸ್ಕ್ರೂಡ್ರೈವರ್ ತಂದರು. ಅದು ಟಕ್ಕನೆ ಅಂಟಿಕೊಂಡಿತು. "ಓಹೋ, ಮ್ಯಾಗ್ನೆಟ್ಟು!" ಅಂದವರ ಮುಖದಲ್ಲಿ ಅರವತ್ತೆರಡು ವರ್ಷ ಒಮ್ಮೆಲೇ ಇಳಿದುಹೋಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು; ಕಲಿತದ್ದೆಲ್ಲ ಹೀಗೆ ಬಿಚ್ಚಿ ನೋಡಿಯೇ.

ಟೀಚರು ತಮ್ಮ ಕಷ್ಟ ಹೇಳಿಕೊಂಡರು. ಅವರಿರುವುದು ರಾಧಮ್ಮನವರ ಮನೆಯ ಮಹಡಿಯಲ್ಲಿ. ಶಾಲೆಯ ಪ್ರಾರ್ಥನೆಯ ಮೈಕ್‌ಸೆಟ್ಟನ್ನು ರಜೆಯಲ್ಲಿ ತಂದು ಗಿಟಾರ್ ಸಿಕ್ಕಿಸಿದ್ದರು. ತಗಡು ಬಡಿದ ಹಾಗೆ ಸದ್ದು ಬಂತು, ಕೆಳಗೆ ರಾಧಮ್ಮನ ಪಾತ್ರೆ ಸಾಲು ನಡುಗಿತು. ರಾಧಮ್ಮ ಕೂಡಲೇ, ಟ್ರಾನ್ಸ್‌ಫರ್ ಆಗಿ ಬರಲಿರುವ ಪೋಸ್ಟಾಫೀಸಿನ ಲಿಂಗಪ್ಪ ಎಂಬವರಿಗೆ, ಗುರುವಾರ ಬಂದು ಕೋಣೆ ನೋಡಿ ಎಂದು ಹೇಳಿ ಕಳಿಸಿದ್ದರು. ಅಷ್ಟರೊಳಗೆ ಸದ್ದು ಸರಿಹೋಗಬೇಕು, ಇಲ್ಲವೇ ಕೋಣೆ ಬಿಡಬೇಕು. ಒಂಟಿ ಹೆಂಗಸಿಗೆ ಆ ಊರಿನಲ್ಲಿ ಇನ್ನೊಂದು ಕೋಣೆ ಸಿಗುವುದು ಸುಲಭವಲ್ಲ.

"ಮನೇಲಿ ದಿನಾ ಬಾರಿಸೋಕೆ ಆಗ್ಬೇಕು. ತಿಂಗಳಿಗೊಂದು ಭಾನುವಾರ ಶೃಂಗೇರಿಯ ಪ್ರದೀಪನ ಡ್ರಮ್ ಜೊತೆಗೂ ಆಗ್ಬೇಕು. ಎರಡಕ್ಕೂ ಒಂದೇ ಆಂಪ್ಲಿಫೈಯರ್. ನೀವೇ ಆರಿಸಿ ಕೊಡಿ ಸಾಬ್ರೆ."

ಭಾನುವಾರ ಬೆಳಗ್ಗೆ ಇಬ್ಬರೂ ಸಾಬರ ಜೀಪಿನಲ್ಲಿ ಶೃಂಗೇರಿಗೆ ಹೋದರು. ಪ್ರದೀಪನ ಆರ್ಕೆಸ್ಟ್ರಾ ನಿಂತು ವರ್ಷವಾಗಿತ್ತು. ಕೋಣೆಯಲ್ಲಿ ಡ್ರಮ್ಮಿನ ಪಕ್ಕ ಎರಡು ಗಿಟಾರ್ ಆಂಪ್ಲಿಫೈಯರ್ ಉಳಿದಿದ್ದವು. ಒಂದು ಸೊಂಟದೆತ್ತರ, ಅರವತ್ತು ವಾಟ್ಸು. ಇನ್ನೊಂದು ಎಣ್ಣೆ ಡಬ್ಬದಷ್ಟು, ಹದಿನೈದು ವಾಟ್ಸು.

ಸಾಬರ ಪರೀಕ್ಷೆಗೆ ಮೂವತ್ತೈದು ವರ್ಷದ ಪದ್ಧತಿ ಇತ್ತು. ಮೈಕು ಕಟ್ಟಿದ ಮೇಲೆ ಅವರು ಎಂದೂ ಸ್ಟೇಜಿನ ಹತ್ತಿರ ನಿಂತವರಲ್ಲ. ಕಟ್ಟಕಡೆಯ ಸಾಲಿನ ಆಚೆ, ಬೇಲಿಯ ಹೊರಗೆ ನಿಂತು ಕೇಳಬೇಕು. ಅಲ್ಲಿಗೆ ಮಾತು ತಲುಪಿದರೆ ಕೆಲಸ ಮುಗಿಯಿತು. ಟೀಚರಿಗೆ ಬಾರಿಸಲು ಹೇಳಿ ಅವರು ನಡೆದೇ ನಡೆದರು. ಅಂಗಡಿ ಸಾಲು ದಾಟಿ, ಹೊಳೆಯ ದಾರಿ ಹಿಡಿದು, ದೂರದ ತಿರುವಿನಲ್ಲಿ ನಿಂತು ಕಿವಿಗೆ ಕೈ ಹಚ್ಚಿದರು. ಸಣ್ಣದು ಅರ್ಧ ದಾರಿಗೇ ಕಳೆದುಹೋಯಿತು. ದೊಡ್ಡದು ತಿರುವಿಗೂ ಬಂತು.

"ದೊಡ್ಡದೇ ಇರಲಿ," ಅಂದರು ವಾಪಸು ಬಂದು. "ದೊಡ್ಡದನ್ನ ತಗೊಂಡು ಸಣ್ಣಗೆ ಓಡಿಸ್ಬೇಕು. ಮೆಷಿನ್ನಿಗೆ ದಣಿವಾಗಲ್ಲ."

ಪ್ರದೀಪ ನಕ್ಕ. "ಕೇಳುವವರು ಮನೆಯೊಳಗೆ ಸಾಬ್ರೆ, ನೀವು ಆಚೆಯೂರು ಕಿಗ್ಗಕ್ಕೆ ಕೇಳಿಸೋಕೆ ಹೊರಟಿದೀರಲ್ಲ!"

"ನೀನು ಡ್ರಮ್ ಬಡಿ ಮಾರಾಯ. ಆಂಪ್ಲಿಫೈಯರ್ ನನಗೆ ಬಿಡು."

"ತಗೊಂಡು ಹೋಗಿ ನೋಡಿ. ಆಗದಿದ್ರೆ ವಾಪಸು ತನ್ನಿ."

ಅಂದೇ ಸಂಜೆ ನಾಲ್ಕಕ್ಕೆ ಅದು ರಾಧಮ್ಮನ ಮಹಡಿ ಹತ್ತಿತು. ಟೀಚರು ಸದ್ದು ಏರಿಸಿ ಇಳಿಸುವ ಗುಬ್ಬಿಯನ್ನು ಒಂದಕ್ಕೆ ತಿರುಗಿಸಿದರು, ಸದ್ದಿಲ್ಲ. ಕೂದಲೆಳೆಯಷ್ಟು ಮುಂದೆ ಸರಿಸಿದರು, ಧಡ್ ಎಂದಿತು. ಎರಡರ ನಡುವೆ ನಿಲ್ಲುವ ಜಾಗವೇ ಇಲ್ಲ. ಹಿಂದಕ್ಕೆ ತಂದರೆ ತಂತಿಗಳು ಜ್ವರ ಬಂದವರ ಹಾಗೆ ಮುಲುಗಿದವು.

"ಟೀಚರೇ!" ಕೆಳಗಿನಿಂದ ರಾಧಮ್ಮನ ದನಿ. "ಮೇಲೆ ಎಂತ, ಎಮ್ಮೆ ಕಟ್ಟಿದೀರಾ?"

ಸಾಬರಿಗೆ ಅರ್ಥವಾಗಲಿಲ್ಲ. ಕೆಳಗಿಳಿದು, "ಅಮ್ಮ, ಒಂದು ಗಳಿಗೆ ಇಲ್ಲಿ ಕೂತ್ಕೊಳ್ಲಾ?" ಎಂದು ಕೇಳಿ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರು. ಮೇಲೆ ಟೀಚರು ಬಾರಿಸುತ್ತಿದ್ದರು. ಇಲ್ಲಿ ರಾಗವೇ ಇರಲಿಲ್ಲ. ಬರೀ ಗುದ್ದು. ತಲೆಯ ಮೇಲಿನ ಮುಚ್ಚಿಗೆಯ ಹಲಗೆಗಳೇ ಮಾತಾಡುತ್ತಿದ್ದವು.

"ನಾನು ಅವಳ ಹಾಡು ಒಂದಿನ ಕೇಳಿಲ್ಲ ಸಾಬ್ರೆ," ಅಂದರು ರಾಧಮ್ಮ, ಕಾಫಿ ಲೋಟ ಕೆಳಗಿಡುತ್ತ. "ಬರೀ ಈ ಧಡ್ ಧಡ್. ಹಾಡು ಹಾಡಿದ್ರೆ ನಂಗೇನು ಬೇಜಾರಾ?"

ಸಾಬರು ಕಾಫಿ ಕುಡಿದರು. ಬಸರೀಕಟ್ಟೆಯಲ್ಲಿ, ಅಡ್ಡಗದ್ದೆಯಲ್ಲಿ, ಎಷ್ಟು ಮದುವೆಗಳಲ್ಲಿ ಬೇಲಿಯಾಚೆ ನಿಂತು ಕೇಳಿದ್ದರು ಅವರು. ಅಲ್ಲಿ ಕೇಳಬೇಕೆನ್ನುವವನು ದೂರದಲ್ಲಿರುತ್ತಿದ್ದ. ಇಲ್ಲಿ ಬೇಡ ಎನ್ನುವವರು ಕಾಲ ಕೆಳಗೇ ಇದ್ದಾರೆ. ತಾನು ಆರಿಸಿದ್ದು ಊರಿಗೆ. ಬೇಕಾದದ್ದು ಒಂದು ಕೋಣೆಗೆ.

ಮೇಲೆ ಹೋಗಿ, "ತಪ್ಪು ನಂದೇ ಟೀಚರೆ," ಅಂದರು.

ಟೀಚರ ಮುಖ ಬಾಡಿತು. "ಸಣ್ಣದು ತಂದ್ರೆ ಡ್ರಮ್ ಎದುರು ಅದರ ದನಿ ಎಲ್ಲಿ ಏಳ್ತದೆ?"

"ಹರಿಕಥೆ ದಾಸರಿಗೆ ಎಷ್ಟು ದೊಡ್ಡ ಗಂಟಲು? ನಾವು ಮುಂದೊಂದು ಮೈಕ್ ಇಡಲ್ವಾ?"

ಹಾಗೆ ಹೇಳಿಬಿಟ್ಟರೇನೋ ಸರಿ, ಆದರೆ ಆ ಮಾತು ನಿಜವಾಗುತ್ತದೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ. ಮಂಗಳವಾರ ಟೀಚರಿಗೆ ಶಾಲೆ; ಸಾಬರೊಬ್ಬರೇ ಅವರ ಗಿಟಾರ್, ಮೈಕು, ಪೆಟ್ಟಿಗೆ ಸ್ಪೀಕರ್ ಎಲ್ಲ ಹೇರಿಕೊಂಡು ಮತ್ತೆ ಶೃಂಗೇರಿಗೆ ಹೋದರು. ದೊಡ್ಡದನ್ನು ಒಪ್ಪಿಸಿ ಸಣ್ಣದಕ್ಕೆ ಗಿಟಾರ್ ಸಿಕ್ಕಿಸಿದರು. ಈ ಸಲ ಅವರು ರಸ್ತೆಗೆ ಹೋಗಲಿಲ್ಲ; ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಪ್ರದೀಪ ತನಗೆ ಬಂದ ಹಾಗೆ ಟೀಚರ ಗಿಟಾರನ್ನೇ ಗೀರಿದ. ಸಣ್ಣದರ ಗುಬ್ಬಿ ಐದಕ್ಕೆ ಬಂದರೂ ಅದು ಬೊಬ್ಬೆ ಹೊಡೆಯಲಿಲ್ಲ. ದನಿ ಮಾತ್ರ ತುಂಬಿಕೊಂಡಿತು. ಒಂದರಿಂದ ಐದರವರೆಗೆ ಮೆಟ್ಟಿಲು ಹತ್ತಿದ ಹಾಗೆ ಏರಿತು. ಸಾಬರು ಈಚೆ ಬಂದು, ಗುದ್ದು ಹುಟ್ಟಿಸುವ ಬಾಸ್‌ನ ಗುಬ್ಬಿ ಇಳಿಸಿದರು, ಆಂಪ್ಲಿಫೈಯರನ್ನು ನೆಲದಿಂದ ಎತ್ತಿ ಬೆತ್ತದ ಕುರ್ಚಿಯ ಮೇಲಿಟ್ಟು, ಅಡಿಗೆ ಜಮಖಾನ ಮಡಚಿ ಹಾಕಿದರು. ಗೋಡೆಗೆ ಕೈ ಇಟ್ಟು ನೋಡಿದರು. ಗೋಡೆ ತೆಪ್ಪಗಿತ್ತು.

ಆಮೇಲೆ ಆಂಪ್ಲಿಫೈಯರಿನ ಮೂತಿಗೆ ಮೈಕು ಹಿಡಿದು, ಸದ್ದು ಕೇಳಿ ಬಂದ ಪ್ರದೀಪನ ಅಣ್ಣನ ಕೈಗೆ ಗಿಟಾರ್ ಕೊಟ್ಟು, ಪ್ರದೀಪನಿಗೆ ಡ್ರಮ್ ಬಡಿಯಲು ಹೇಳಿದರು. ಪೆಟ್ಟಿಗೆ ಸ್ಪೀಕರಿನಿಂದ ಹೊರಟ ಗಿಟಾರು ಡ್ರಮ್ಮಿನ ಸಮಕ್ಕೆ ನಿಂತಿತು.

"ಅಯ್ಯೋ ಮಾರಾಯ್ರೆ," ಅಂದ ಪ್ರದೀಪ. "ಇದು ನಮ್ಮ ಆರ್ಕೆಸ್ಟ್ರಾ ನಿಲ್ಲೋ ಮೊದ್ಲು ಹೊಳೀಲಿಲ್ವಲ್ಲ ನಂಗೆ!"

ಗುರುವಾರ ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಗೆ, ಸಣ್ಣ ಆಂಪ್ಲಿಫೈಯರ್ ಮಹಡಿಯ ಕುರ್ಚಿಯ ಮೇಲೆ ಕೂತಿತು. ಕೆಳಗೆ ಜಗಲಿಯಲ್ಲಿ ಆಗಲೇ ಲಿಂಗಪ್ಪ ಬಂದು ಕೂತಿದ್ದರು, ಪಕ್ಕದಲ್ಲಿ ಟ್ರಂಕು. ನೋಡಲು ಬಂದವರು ಇರಲೆಂದೇ ಬಂದಂತಿತ್ತು.

"ನೀವೂ ಕೇಳಿ," ಅಂದರು ರಾಧಮ್ಮ. "ಮೂರು ಜನರ ಕಿವಿ ಇದ್ರೆ ಒಳ್ಳೇದು."

ಸಾಬರೂ ಮಹಡಿಯಿಂದ ಇಳಿದು ಬಂದ ಮೇಲೆ ಮೂವರೂ ಮುಚ್ಚಿಗೆ ನೋಡುತ್ತ ಕೂತರು. ಸಾಬರಿಗೆ ಏನೂ ಕೇಳಲಿಲ್ಲ. ಹಾರನ್ ಪಕ್ಕದಲ್ಲೇ ಬದುಕು ಕಳೆದ ತನ್ನ ಕಿವಿಯ ಮೇಲೇ ಅವರಿಗೆ ಅನುಮಾನ ಬಂತು.

"ನಂಗೆ ಕೇಳ್ತಾ ಇಲ್ಲ ಅಮ್ಮ. ಸುಳ್ಳು ಹೇಳಲ್ಲ, ಕಿವಿ ಹಳೇದು."

"ಕೇಳ್ತದಲ್ರಿ!" ಲಿಂಗಪ್ಪ ತಲೆ ಹಿಡಿದುಕೊಂಡರು. "ಅಬ್ಬಬ್ಬ, ಎಂತಾ ಗಲಾಟೆ! ಇದರ ಕೆಳಗೆ ಹ್ಯಾಗೆ ಇರ್ತೀರಮ್ಮ ನೀವು?"

ರಾಧಮ್ಮ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದರು. ಸಾಬರು ಎದ್ದು ಮೆಟ್ಟಿಲ ಬುಡಕ್ಕೆ ಹೋದರು.

"ಟೀಚರೆ, ಯಾವ ಹಾಡು ಬಾರಿಸ್ತಿದೀರಿ?"

"ಎಂತ ಬಾರಿಸೋದು ಸಾಬ್ರೆ! ಆಗ್ಲಿಂದ ಕರೆಂಟೇ ಇಲ್ಲ!"

ರಾಧಮ್ಮ ಸೆರಗು ಸರಿಮಾಡಿಕೊಂಡರು. "ಅಲ್ಲ ಲಿಂಗಪ್ನೋರೆ, ಇಲ್ಲದ ಸದ್ದೇ ನಿಮಗೆ ಇಷ್ಟು ಕೇಳಿದ್ರೆ, ನಾನು ನಾಳೆ ಚಟ್ನಿ ರುಬ್ಬಿದ್ರೆ ಪೊಲೀಸಿಗೆ ಹೋಗ್ತೀರಲ್ವಾ ನೀವು?"

ಲಿಂಗಪ್ಪ ಕಾಫಿಯ ಖಾಲಿ ಲೋಟವನ್ನೇ ಮತ್ತೊಮ್ಮೆ ಕುಡಿದರು.

ಐದೂಕಾಲಿಗೆ ಕರೆಂಟು ಬಂತು. ಈ ಸಲ ಮೇಲಿಂದ ಏನೋ ತೆಳ್ಳಗೆ ಇಳಿಯಿತು. ರಾಧಮ್ಮ ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಹೋಗಿ, ಪ್ರತಿಯೊಂದು ಕಡೆಯೂ ನಿಂತು ಕೇಳಿದರು. ಸಾಬರು ಜಗಲಿಯಲ್ಲೇ ಕಾದರು.

"ಕೇಳ್ತದೆ," ಅಂದರು ರಾಧಮ್ಮ ವಾಪಸು ಬಂದು. "ಇಲ್ಲ ಅನ್ನಲ್ಲ. ಆದ್ರೆ ಗುದ್ದಲ್ಲ. ಇದು ಹಾಡೇ." ಮೆಟ್ಟಿಲ ಕಡೆ ತಿರುಗಿ ದನಿ ಏರಿಸಿದರು. "ಟೀಚರೇ, ರಾತ್ರಿ ಎಂಟರ ಮೇಲೆ ಬೇಡ, ತಿಳೀತಾ? ಇದೇ ಕೋಣೇಲಿ ಇರಿ."

ಮೇಲೆ ಗಿಟಾರು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಲಿಂಗಪ್ಪ ಚಪ್ಪಲಿ ಮೆಟ್ಟಿದರು. ಟ್ರಂಕಿನ ಒಂದು ಹಿಡಿಗೆ ಸಾಬರು ಕೈ ಹಾಕಿ ರಸ್ತೆಯವರೆಗೆ ಸಾಗಿಸಿದರು. ಗುರುವಾರ ಸಂಜೆ ಆರರ ಬಸ್ಸಿಗೆ ಲಿಂಗಪ್ಪ ಹೊರಟುಹೋದರು.